ಹಳೇ ಲ್ಯಾಪ್‌ಟಾಪ್, ಲಿನಕ್ಸ್, ವಿಂಡೋಸ್ ಆಟ: ಕಾರವಾರದ ಅಳಿಯನಿಗೆ ಹಾಕಿಕೊಟ್ಟಿದ್ದು ಹೀಗೆ

ದೊಡ್ಡಹಬ್ಬಕ್ಕೆ ನಮ್ಮನೆಗೆ ಬಂದ ಅಳಿಯ ಬಟ್ಟೆ ಬ್ಯಾಗು ಬಿಚ್ಚುವ ಮೊದಲೇ ಲ್ಯಾಪ್‌ಟಾಪ್ ತೆಗೆದು ಜಗಲಿಯ ಮೇಲಿಟ್ಟ. ತಂಗಿಯ ಮಗ, ಕಾರವಾರದಲ್ಲಿ ಓದುತ್ತಾನೆ. "ಮಾವ, ಇದು ಇನ್ನು ಎಂತಕ್ಕೂ ಬರೂದಿಲ್ಲ ಅಂತಾರೆ, ಹೌದಾ?" ಎಂದು ಕೇಳಿದ. ಮುಖ ಸಪ್ಪಗಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತ್ತು. ಅವನದು ಇಂಟೆಲ್ ಏಳನೇ ತಲೆಮಾರಿನ ಐ5, ಜೊತೆಗೆ ಎನ್ವಿಡಿಯಾ 940ಎಂಎಕ್ಸ್ ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ‍್ಯಾಮ್. ವಿಂಡೋಸ್ 11 ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರನ್ನೇ ಕೇಳುತ್ತದೆ. ಹಾಗಾಗಿ ಅವನ ಯಂತ್ರ ಹೊರಗೆ. ಆದರೆ ಯಂತ್ರ ಕೆಟ್ಟಿಲ್ಲ ಅಲ್ವಾ? ಪರದೆ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ನಿನ್ನೆವರೆಗೂ ಆಟ ಆಡಿದ್ದಾನೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಎಂದೆ. "ಹಂಗಾರೆ ನನ್ನ ಆಟ?" ಎಂದ.

ಈ ಪ್ರಶ್ನೆಯನ್ನು ನನಗೆ ತುಂಬ ಜನ ಕೇಳಿದ್ದಾರೆ. ಶಿರಸಿಯಲ್ಲಿ, ಕುಮಟೆಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದಿಡುತ್ತಿದ್ದೇನೆ. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಆಟ ಲಿನಕ್ಸ್‌ನಲ್ಲಿ ಓಡುತ್ತದೋ ಇಲ್ಲವೋ ಎನ್ನುವುದು ಎರಡೇ ಸಂಗತಿಗಳ ಮೇಲೆ ನಿಂತಿದೆ. ಒಂದು, ನಿಮ್ಮ ಗ್ರಾಫಿಕ್ಸ್‌ಗೆ ವಲ್ಕನ್ (ಆಟವು ಗ್ರಾಫಿಕ್ಸ್ ಚಿಪ್ಪಿನಿಂದ ಚಿತ್ರ ಬಿಡಿಸಿಕೊಳ್ಳಲು ಆಡುವ ಭಾಷೆ) ಸರಿಯಾಗಿ ಬರುತ್ತದಾ? ಎರಡು, ಆ ಆಟದಲ್ಲಿ ಯಾವ ಆ್ಯಂಟಿ-ಚೀಟ್, ಅಂದರೆ ಆಡುವವರ ಮೋಸ ಹಿಡಿಯುವ ತಂತ್ರಾಂಶ, ಇದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದ ತೊಂದರೆಗಳಿಗೆಲ್ಲ ದಾರಿ ಇದೆ. ಇವೆರಡನ್ನು ನೋಡದೆ ಸುಮ್ನೆ ಡಿಸ್ಕ್ ಅಳಿಸಿ ಲಿನಕ್ಸ್ ಹಾಕಿದವರು ಮಾತ್ರ ಬೇಜಾರು ಮಾಡಿಕೊಳ್ಳುತ್ತಾರೆ.

ಒಳಗೆ ನಡೆಯುವುದು ಏನು

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದೆ ಏನಾದರೂ ಕೈಕೊಟ್ಟಾಗ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ.

ಕಾರವಾರದ ಮೀನು ಮಾರ್ಕೆಟ್ಟಿಗೆ ಹುಬ್ಬಳ್ಳಿಯವರೊಬ್ಬರು ಬಂದರು ಅಂದುಕೊಳ್ಳಿ. ಅವರಿಗೆ ಕನ್ನಡ ಮಾತ್ರ ಗೊತ್ತು, ಬುಟ್ಟಿ ಮುಂದೆ ಕೂತ ಅಮ್ಮನಿಗೆ ಕೊಂಕಣಿಯೇ ಸಲೀಸು. ನಡುವೆ ನಿಂತ ಹುಡುಗ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಹೇಳುತ್ತಾನೆ. ಮೀನು ಅದೇ, ದುಡ್ಡೂ ಅದೇ. ಮಾತು ಮಾತ್ರ ಬದಲಾಗುತ್ತದೆ. ವೈನ್ ಎಂಬ ತಂತ್ರಾಂಶ ಮಾಡುವುದು ಈ ಹುಡುಗನ ಕೆಲಸ. ಆಟ ವಿಂಡೋಸ್‌ಗೆ "ಈ ಫೈಲ್ ತೆಗೆ, ಮೌಸ್ ಎಲ್ಲಿದೆ ಹೇಳು, ಈ ಸದ್ದು ಹೊರಡಿಸು" ಎಂದು ಕೇಳುತ್ತಿರುತ್ತದೆ. ವೈನ್ ಅದನ್ನು ಕೇಳಿಸಿಕೊಂಡು ಲಿನಕ್ಸ್‌ನಿಂದ ಮಾಡಿಸಿ, ಉತ್ತರವನ್ನು ವಿಂಡೋಸ್ ಕೊಟ್ಟ ಹಾಗೇ ಕೊಡುತ್ತದೆ. ಪ್ರೊಸೆಸರ್ ಎರಡು ಕಡೆಯೂ ಒಂದೇ ಜಾತಿಯದು, ಹಾಗಾಗಿ ಆಟದ ಕೋಡ್ ನೇರವಾಗಿ ಅದರ ಮೇಲೆ ಓಡುತ್ತದೆ. ಇಡೀ ಹುಬ್ಬಳ್ಳಿ ಮಾರ್ಕೆಟ್ಟನ್ನೇ ಕಾರವಾರದಲ್ಲಿ ಮತ್ತೊಮ್ಮೆ ಕಟ್ಟುವ ಅಗತ್ಯ ಇಲ್ಲ. ವೇಗ ಹೆಚ್ಚು ಕಳೆದುಹೋಗದೇ ಇರುವುದು ಇದೇ ಕಾರಣಕ್ಕೆ.

ವೈನ್ ಶುರುವಾಗಿದ್ದು 1993ರಲ್ಲಿ. 1994ರಿಂದ ಇವತ್ತಿನವರೆಗೆ ಅಲೆಕ್ಸಾಂಡರ್ ಜೂಲಿಯಾರ್ ಎನ್ನುವವರು ಅದನ್ನು ನಡೆಸಿಕೊಂಡು ಬಂದಿದ್ದಾರೆ. 1.0 ಆವೃತ್ತಿ ಬಂದಿದ್ದು 2008ರಲ್ಲಿ. ಹದಿನೈದು ವರ್ಷದ ತಾಳ್ಮೆ ಅದು, ನನಗೆ ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆದರೂ ಹೊಸ ಆಟಗಳ ಗ್ರಾಫಿಕ್ಸ್ ಬಹಳ ಕಾಲ ಕಷ್ಟವಾಗಿಯೇ ಇತ್ತು. ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಡೈರೆಕ್ಟ್3ಡಿ ಬಳಸುತ್ತವೆ, ಲಿನಕ್ಸ್‌ನಲ್ಲಿ ಅದು ಇಲ್ಲ. 2016ರಲ್ಲಿ ವಲ್ಕನ್ ಬಂತು. ನಂತರ ಫಿಲಿಪ್ ರೆಬೋಲೆ ಎನ್ನುವವರಿಗೆ ನಿಯರ್: ಆಟೊಮೇಟಾ ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕು ಅನ್ನಿಸಿತು. ಅದಕ್ಕಾಗಿ ಡೈರೆಕ್ಟ್3ಡಿ 11ರ ಮಾತನ್ನು ವಲ್ಕನ್‌ಗೆ ಹೇಳುವ ಡಿಎಕ್ಸ್‌ವಿಕೆ ಬರೆಯಲು ಕೂತರು. ಒಂದು ಆಟದ ಆಸೆಯಿಂದ ಹುಟ್ಟಿದ್ದು ಇವತ್ತು ಸಾವಿರಾರು ಆಟಗಳನ್ನು ಓಡಿಸುತ್ತಿದೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ನಡೆಸುವ ವಾಲ್ವ್ ಕಂಪನಿ ವೈನ್, ಡಿಎಕ್ಸ್‌ವಿಕೆ ಮತ್ತು ಇನ್ನಷ್ಟು ಸಾಮಾನು ಸೇರಿಸಿ, ಕೋಡ್‌ವೀವರ್ಸ್ ಎಂಬ ಕಂಪನಿ ಜೊತೆ ಕೆಲಸ ಮಾಡಿ, 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂಬ ಹೆಸರಲ್ಲಿ ಕೊಟ್ಟಿತು. ಡೈರೆಕ್ಟ್3ಡಿ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಅಂತ ಬೇರೆ ಇದೆ, ಅದೂ ಪ್ರೋಟಾನ್ ಒಳಗೇ ಬರುತ್ತದೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಓಡುವುದೂ ಲಿನಕ್ಸ್ ಮೇಲೆಯೇ. ಅದರಿಂದಾಗಿ ಈ ಕೆಲಸಕ್ಕೆ ವೇಗ ಬಂತು, ಲಾಭ ನಮ್ಮ ಹಳೇ ಲ್ಯಾಪ್‌ಟಾಪ್‌ಗಳಿಗೂ ಸಿಕ್ಕಿತು.

ಡಿಸ್ಕ್ ಮುಟ್ಟುವ ಮೊದಲು

ಮೊದಲು ಆ್ಯಂಟಿ-ಚೀಟ್ ವಿಚಾರ. ನೀವು ಆಡುವುದು ವ್ಯಾಲೊರಂಟ್, ಫೋರ್ಟ್‌ನೈಟ್, ಪಿಸಿಯ ಪಬ್‌ಜಿ, ಲೀಗ್ ಆಫ್ ಲೆಜೆಂಡ್ಸ್ ಇಂಥವಾಗಿದ್ದರೆ ಇಲ್ಲೇ ನಿಲ್ಲಿ. ಇವು ಲಿನಕ್ಸ್‌ನಲ್ಲಿ ಆಗುವುದಿಲ್ಲ. ವೈನ್‌ನ ತಪ್ಪಲ್ಲ ಇದು. ಮೋಸ ಹಿಡಿಯುವ ಅವರ ತಂತ್ರಾಂಶ ವಿಂಡೋಸ್‌ನ ಒಳಗರ್ಭಕ್ಕೇ ಹೋಗಿ ಕೂರುತ್ತದೆ, ಅಥವಾ ಆಟದ ಕಂಪನಿ ಲಿನಕ್ಸ್ ಬೇಡ ಎಂದು ಬಾಗಿಲು ಹಾಕಿದೆ. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಎರಡು ಆ್ಯಂಟಿ-ಚೀಟ್‌ಗಳು 2021ರಲ್ಲೇ ಪ್ರೋಟಾನ್‌ಗೆ ದಾರಿ ಮಾಡಿಕೊಟ್ಟಿವೆ, ಆದರೆ ಅದನ್ನು ಚಾಲೂ ಮಾಡುವುದು ಬಿಡುವುದು ಆಯಾ ಆಟ ಮಾಡಿದವರ ಕೈಯಲ್ಲಿದೆ. ಎಲ್ಡನ್ ರಿಂಗ್‌ನವರು ಬಾಗಿಲು ತೆರೆದಿದ್ದಾರೆ. ಏಪೆಕ್ಸ್ ಲೆಜೆಂಡ್ಸ್ ವರ್ಷಗಟ್ಟಲೆ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ನವರನ್ನು ಹೊರಗಿಟ್ಟರು. ಜಿಟಿಎ 5ರ ಕಥೆಯ ಭಾಗ ಚೆನ್ನಾಗಿ ಓಡುತ್ತದೆ, ಆನ್‌ಲೈನ್ ಭಾಗ 2024ರ ಸೆಪ್ಟೆಂಬರ್‌ನಿಂದ ಇಲ್ಲ. ಅಳಿಯನ ಗೆಳೆಯರೆಲ್ಲ ವ್ಯಾಲೊರಂಟ್ ಆಡುತ್ತಾರೆ. ಅದು ಬರುವುದಿಲ್ಲ ಎಂದು ಮೊದಲೇ ಹೇಳಿದೆ. ಒಂದು ದಿನ ಪೂರ್ತಿ ಯೋಚನೆ ಮಾಡಿ, "ಅಡ್ಡಿಲ್ಲೆ ಮಾವ, ಒಬ್ಬನೇ ಆಡೋ ಆಟನೇ ನಂಗೆ ಜಾಸ್ತಿ ಇಷ್ಟ" ಎಂದ. ಕೌಂಟರ್-ಸ್ಟ್ರೈಕ್ 2 ಮತ್ತು ಡೋಟಾ 2ಕ್ಕೆ ಲಿನಕ್ಸ್‌ನದೇ ಆವೃತ್ತಿ ಇದೆ, ಗೆಳೆಯರ ಜೊತೆ ಆಡಬೇಕು ಅಂದಾಗ ಅವು ಆಗುತ್ತವೆ.

ಉಳಿದ ಆಟಗಳಿಗೆ ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಆಟದ ಹೆಸರು ಹಾಕಿ ಹುಡುಕಿ. ಆಡಿದವರೇ ಬರೆದ ವರದಿಗಳು ಅಲ್ಲಿವೆ. ಪ್ಲಾಟಿನಂ ಅಂದರೆ ಹಾಕಿದ ಕೂಡಲೇ ಓಡುತ್ತದೆ, ಗೋಲ್ಡ್ ಅಂದರೆ ಸಣ್ಣ ತಿದ್ದುಪಡಿ ಬೇಕು, ಕೆಳಗೆ ಹೋದಷ್ಟೂ ಕಷ್ಟ ಜಾಸ್ತಿ. ಆದರೆ ಪದಕ ನೋಡಿ ನಿಲ್ಲಬೇಡಿ. ಇತ್ತೀಚಿನ ವರದಿಗಳನ್ನು ಓದಿ, ಅದರಲ್ಲೂ ನಿಮ್ಮಂಥದೇ ಗ್ರಾಫಿಕ್ಸ್ ಇರುವವರು ಬರೆದದ್ದನ್ನು ಓದಿ. ಎರಡು ವರ್ಷದ ಹಿಂದೆ "ಓಡಲಿಲ್ಲ" ಅಂತ ಬರೆದಿದ್ದು ಈಗ ಸುಳ್ಳಾಗಿರಬಹುದು.

ಎರಡನೆಯದು ವಲ್ಕನ್. ಈಗಿನ ಡಿಎಕ್ಸ್‌ವಿಕೆಗೆ ವಲ್ಕನ್ 1.3 ಬೇಕು. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಆದರೆ ಆರನೇ ತಲೆಮಾರಿನಿಂದ ಈಚೆಗೆ ಚಿಂತೆ ಇಲ್ಲ. ನಾಲ್ಕು, ಐದನೇ ತಲೆಮಾರಿನಲ್ಲಿ ವಲ್ಕನ್ ಅರೆಬರೆ. ಎನ್ವಿಡಿಯಾದಲ್ಲಿ 600 ಸರಣಿ ಮತ್ತು 700 ಸರಣಿಯ ಬಹುಪಾಲು ಕಾರ್ಡುಗಳಿಗೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) 470 ಎಂಬ ಸರಣಿಗೇ ನಿಂತುಹೋಗಿದೆ, ವಲ್ಕನ್ 1.2 ಮಾತ್ರ ಸಿಗುತ್ತದೆ. 900 ಮತ್ತು 1000 ಸರಣಿಗೆ 1.3 ಇದೆ, ಆದರೆ 580 ಎಂಬ ಡ್ರೈವರ್ ಸರಣಿಯೇ ಅವಕ್ಕೆ ಕೊನೆಯದು, ಅದಕ್ಕಿಂತ ಹೊಸದನ್ನು ಹಾಕಲು ಹೋಗಬೇಡಿ. ಅಳಿಯನ 940ಎಂಎಕ್ಸ್ ಈ ಗುಂಪಿನದೇ. ತೀರಾ ಹಳೇ ಗ್ರಾಫಿಕ್ಸ್ ಇದ್ದವರು ಕೈಬಿಡಬೇಕಾಗಿಲ್ಲ. ಡೈರೆಕ್ಟ್3ಡಿಯನ್ನು ವಲ್ಕನ್ ಬದಲು ಓಪನ್‌ಜಿಎಲ್‌ಗೆ ಹೇಳುವ ಹಳೇ ದಾರಿ ವೈನ್‌ನಲ್ಲಿ ಇನ್ನೂ ಇದೆ. 2010ರ ಆಸುಪಾಸಿನವರೆಗಿನ ಆಟಗಳಿಗೆ ಅದು ಎಷ್ಟೋ ಸಲ ಸಾಕಾಗುತ್ತದೆ.

ಲಿನಕ್ಸ್, ಡ್ರೈವರ್, ಸ್ಟೀಮ್

ಯಾವ ಲಿನಕ್ಸ್ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಹೊಸಬರಿಗೆ ಲಿನಕ್ಸ್ ಮಿಂಟ್ 22 ಹಾಕಿಕೊಡುತ್ತೇನೆ, 2029ರವರೆಗೆ ಅಪ್‌ಡೇಟ್ ಬರುತ್ತದೆ, ನೋಡಲು ವಿಂಡೋಸ್ ಬಳಸಿದವರಿಗೆ ಹೊಸದು ಅನ್ನಿಸುವುದಿಲ್ಲ. ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಬೂಟ್ ಮಾಡಿ, ವೈಫೈ, ಸದ್ದು, ಟಚ್‌ಪ್ಯಾಡ್ ಎಲ್ಲ ಸರಿ ಇದೆಯಾ ನೋಡಿಕೊಂಡು ಆಮೇಲೆ ಹಾಕಿ. ಫೋಟೊ, ಪ್ರಾಜೆಕ್ಟ್ ಎಲ್ಲ ಬೇರೆ ಕಡೆ ನಕಲು ಮಾಡಿಡುವುದನ್ನು ಮರೆಯಬೇಡಿ. ಆಟದ ಸೇವ್ ಫೈಲ್‌ಗಳನ್ನೂ.

ಹಾಕಿದ ಮೇಲೆ ಮೊದಲು ಎಲ್ಲ ಅಪ್‌ಡೇಟ್ ಮುಗಿಸಿ. ಎನ್ವಿಡಿಯಾ ಇದ್ದವರು ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದು ಶಿಫಾರಸು ಮಾಡಿದ ಡ್ರೈವರ್ ಆರಿಸಿ. ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶವನ್ನು ಬೂಟ್ ಆಗುವಾಗಲೇ ತಡೆಯುವ ಕಾವಲು) ಚಾಲೂ ಇದ್ದರೆ ಇಲ್ಲೊಂದು ಪಾಸ್‌ವರ್ಡ್ ಕೇಳುತ್ತದೆ. ಮರಳಿ ಬೂಟ್ ಆಗುವಾಗ ನೀಲಿ ಪರದೆ ಬರುತ್ತದೆ, ಗಾಬರಿ ಬೇಡ, ಅದರಲ್ಲಿ "ಎನ್‌ರೋಲ್ ಎಂಒಕೆ" ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆಯನ್ನು ಸುಮ್ನೆ ದಾಟಿಬಿಟ್ಟರೆ ಡ್ರೈವರ್ ಹಾಕಿದ ಹಾಗೆ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ನಾನು ನೋಡಿದ ಎನ್ವಿಡಿಯಾ ತೊಂದರೆಗಳಲ್ಲಿ ಅರ್ಧಕ್ಕರ್ಧ ಇದೇ. ಎಎಂಡಿ ಮತ್ತು ಇಂಟೆಲ್‌ನವರಿಗೆ ಈ ಕೆಲಸವೇ ಇಲ್ಲ, ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ಆದರೆ ಆಟ ಇಂಟೆಲ್ ಮೇಲೆ ಓಡುತ್ತಾ ಎನ್ವಿಡಿಯಾ ಸುಮ್ಮನೆ ಕೂತಿರಬಹುದು. ಮಿಂಟ್‌ನಲ್ಲಿ ಗಡಿಯಾರದ ಹತ್ತಿರ ಎನ್ವಿಡಿಯಾ ಗುರುತು ಬರುತ್ತದೆ. ಆಡುವಾಗ ಅದನ್ನು ಪರ್ಫಾರ್ಮೆನ್ಸ್ ಮೋಡ್‌ಗೆ ಹಾಕಿ ಒಮ್ಮೆ ಲಾಗೌಟ್ ಆಗಿ ಬನ್ನಿ. ಓದು, ಬರಹದ ದಿನ ಮರಳಿ ಇಂಟೆಲ್‌ಗೆ ಹಾಕಿದರೆ ಬ್ಯಾಟರಿ ಉಳಿಯುತ್ತದೆ.

ಈಗ ಪರೀಕ್ಷೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ವಲ್ಕನ್-ಟೂಲ್ಸ್ (vulkan-tools) ಹುಡುಕಿ ಹಾಕಿ, ಟರ್ಮಿನಲ್ ಎಂಬ ಆದೇಶ ಬರೆಯುವ ಕಿಟಕಿ ತೆರೆದು ವಲ್ಕನ್‌ಇನ್ಫೋ (vulkaninfo) ಎಂದು ಕೊಡಿ. ಉದ್ದದ ಪಟ್ಟಿ ಬರುತ್ತದೆ, ಅದರಲ್ಲಿ ನಿಮ್ಮ ಕಾರ್ಡಿನ ಹೆಸರು ಇದ್ದರೆ ಗೆದ್ದಿರಿ. ಎಲ್‌ಎಲ್‌ವಿಎಂಪೈಪ್ (llvmpipe) ಎಂಬ ಹೆಸರು ಮಾತ್ರ ಇದ್ದರೆ ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿದೆ ಅಂತ ಅರ್ಥ. ಡ್ರೈವರ್ ಸರಿಯಾಗುವ ತನಕ ಮುಂದೆ ಹೋಗಬೇಡಿ.

ಸ್ಟೀಮ್ ಹಾಕುವಾಗ ಎರಡು ಬಗೆ ತೋರಿಸುತ್ತದೆ, ಸಿಸ್ಟಮ್ ಪ್ಯಾಕೇಜ್ ಮತ್ತು ಫ್ಲ್ಯಾಟ್‌ಪ್ಯಾಕ್. ಎರಡೂ ಓಡುತ್ತವೆ. ನಾನು ಸಿಸ್ಟಮ್ ಪ್ಯಾಕೇಜ್ ಹಾಕುತ್ತೇನೆ, ಯಾಕೆಂದರೆ ಫ್ಲ್ಯಾಟ್‌ಪ್ಯಾಕ್‌ಗೆ ಬೇರೆ ಡಿಸ್ಕ್ ಮುಟ್ಟಲು ಪ್ರತ್ಯೇಕ ಅನುಮತಿ ಕೊಡಬೇಕಾಗುತ್ತದೆ, ಹೊಸಬರು ಅಲ್ಲಿ ಸಿಕ್ಕಿಕೊಳ್ಳುತ್ತಾರೆ. ಲಾಗಿನ್ ಆದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿ ಎಂಬ ಪುಟ ನೋಡಿ. ಎಲ್ಲ ಆಟಕ್ಕೂ ಸ್ಟೀಮ್ ಪ್ಲೇ (ಅಂದರೆ ಪ್ರೋಟಾನ್) ಬಳಸುವ ಆಯ್ಕೆ ಕಂಡರೆ ಚಾಲೂ ಮಾಡಿ. ಹೊಸ ಸ್ಟೀಮ್‌ನಲ್ಲಿ ಅದು ಮೊದಲೇ ಚಾಲೂ ಇರುತ್ತದೆ. ಅಷ್ಟೇ. ಇನ್ನು ವಿಂಡೋಸ್ ಆಟಕ್ಕೂ ಇನ್‌ಸ್ಟಾಲ್ ಬಟನ್ ಬರುತ್ತದೆ, ಒತ್ತಿ, ಪ್ರೋಟಾನ್ ತಾನಾಗಿಯೇ ಇಳಿಯುತ್ತದೆ.

ಮೊದಲ ಸಲ ಪ್ಲೇ ಒತ್ತಿದಾಗ ಸ್ವಲ್ಪ ಹೊತ್ತು ಏನೂ ಆಗದ ಹಾಗೆ ಕಾಣಬಹುದು. ಆಟಕ್ಕಾಗಿ ಒಂದು ಪುಟ್ಟ ವಿಂಡೋಸ್ ಮನೆ ತಯಾರಾಗುತ್ತಿರುತ್ತದೆ, ವಲ್ಕನ್ ಶೇಡರ್ (ಬೆಳಕು, ಬಣ್ಣ ಬಿಡಿಸುವ ಸಣ್ಣ ಕೋಡ್) ತಯಾರಾಗುತ್ತಿರುತ್ತದೆ. ಚಹಾ ಕುಡಿದು ಬನ್ನಿ.

ಒಂದು ಎಚ್ಚರಿಕೆ. ವಿಂಡೋಸ್‌ನ ಹಳೇ ಡಿ ಡ್ರೈವ್‌ನಲ್ಲಿ ಆಟ ಇದೆ, ಅಲ್ಲಿಂದಲೇ ಓಡಿಸೋಣ ಅನ್ನಿಸುತ್ತದೆ. ಬೇಡ. ಅದು ಎನ್‌ಟಿಎಫ್‌ಎಸ್ ಡಿಸ್ಕ್, ಅಂದರೆ ವಿಂಡೋಸ್ ಫೈಲ್ ಜೋಡಿಸಿಡುವ ಬಗೆಯದು. ಪ್ರೋಟಾನ್ ತನ್ನ ಫೋಲ್ಡರ್‌ನಲ್ಲಿ ಮಾಡುವ ಕೆಲವು ಹೆಸರುಗಳಲ್ಲಿ ಕೋಲನ್ ಚಿಹ್ನೆ ಇರುತ್ತದೆ, ಎನ್‌ಟಿಎಫ್‌ಎಸ್‌ಗೆ ಅದು ಒಗ್ಗುವುದಿಲ್ಲ, ಆಟ ಶುರುವಾಗದೆ ಸುಮ್ಮನೆ ಮುಚ್ಚಿಕೊಳ್ಳುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕ್‌ಗೆ ಫೈಲ್‌ಗಳನ್ನು ನಕಲು ಮಾಡಿಕೊಂಡು ಆಡಿ.

ಓಡದಿದ್ದರೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾಲ್ಕು ಕಡೆಯಿಂದ ನಾಲ್ಕು ಉಪಾಯ ತಂದು ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಪ್ರೋಟಾನ್ ಆವೃತ್ತಿ ಬದಲಿಸಿ. ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಕಂಪ್ಯಾಟಿಬಿಲಿಟಿ, ಅಲ್ಲಿರುವ ಚೌಕಕ್ಕೆ ಗುರುತು ಹಾಕಿದರೆ ಪಟ್ಟಿ ತೆರೆಯುತ್ತದೆ. ಹೊಸ ಆಟಕ್ಕೆ ಪ್ರೋಟಾನ್ ಎಕ್ಸ್‌ಪೆರಿಮೆಂಟಲ್ ನೋಡಿ, ಹೊಸ ರಿಪೇರಿಗಳೆಲ್ಲ ಮೊದಲು ಬರುವುದು ಅದಕ್ಕೇ. ಮೊನ್ನೆ ಓಡುತ್ತಿದ್ದ ಆಟ ಇವತ್ತು ನಿಂತಿದ್ದರೆ ಹಿಂದಿನ ಆವೃತ್ತಿಗೆ ಹೋಗಿ ನೋಡಿ.

ಆಟ ಓಡುತ್ತದೆ, ಆದರೆ ನಡುವಿನ ವಿಡಿಯೊ ಬರುವ ಜಾಗದಲ್ಲಿ ಹಳೇ ಟಿವಿಯ ಹಾಗೆ ಬಣ್ಣದ ಪಟ್ಟಿ ನಿಂತುಬಿಡುತ್ತದೆ ಎಂದು ಅಳಿಯ ಫೋನ್ ಮಾಡಿದ್ದ. ವಿಡಿಯೊ ಕೋಡೆಕ್ ತೊಂದರೆ ಅದು. ಅದಕ್ಕೆ ಜಿಇ-ಪ್ರೋಟಾನ್ ಒಳ್ಳೆಯ ಮದ್ದು. ಗ್ಲೋರಿಯಸ್ ಎಗ್‌ರೋಲ್ ಎಂಬ ಹೆಸರಲ್ಲಿ ಬರೆಯುವವರೊಬ್ಬರು ಇದನ್ನು ಕಟ್ಟಿಕೊಡುತ್ತಾರೆ, ವಿಡಿಯೊಗೆ ಬೇಕಾದ್ದು ಮತ್ತು ಆಟಕ್ಕೊಂದರಂತೆ ಸಣ್ಣ ರಿಪೇರಿಗಳು ಇದರಲ್ಲಿ ಸೇರಿವೆ. ಪ್ರೋಟಾನ್‌ಅಪ್-ಕ್ಯೂಟಿ ಎಂಬ ಸಣ್ಣ ತಂತ್ರಾಂಶ ಹಾಕಿಕೊಂಡು, ಅದರಲ್ಲಿ ಎರಡು ಕ್ಲಿಕ್ ಮಾಡಿದರೆ ಇಳಿಯುತ್ತದೆ. ಸ್ಟೀಮ್ ಮುಚ್ಚಿ ತೆರೆಯಿರಿ, ಆಮೇಲೆ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ.

ಮೂರನೆಯದು ಲಾಂಚ್ ಆಪ್ಷನ್ಸ್. ಪ್ರೋಟಾನ್‌ಡಿಬಿಯಲ್ಲಿ ಜನ ಒಂದೊಂದು ಸಾಲು ಬರೆದಿರುತ್ತಾರೆ, ಅದನ್ನು ಪ್ರಾಪರ್ಟೀಸ್‌ನ ಮೊದಲ ಪುಟದಲ್ಲಿ ಅಂಟಿಸಬೇಕು. ಕೈಯಿಂದ ಟೈಪ್ ಮಾಡಬೇಡಿ, ನಕಲು ಮಾಡಿ. ಒಂದು ಅಕ್ಷರ ತಪ್ಪಿದರೂ ಆಗುವುದಿಲ್ಲ. ಮೇಲೆ ಹೇಳಿದ ಓಪನ್‌ಜಿಎಲ್ ದಾರಿಯೂ ಇಂಥ ಒಂದು ಸಾಲೇ. ಆಟದೊಳಗೆ ಅಕ್ಷರದ ಬದಲು ಖಾಲಿ ಚೌಕ ಕಂಡರೆ ಅಥವಾ ಯಾವುದೋ ಡಿಎಲ್‌ಎಲ್ ಇಲ್ಲ ಎಂದರೆ ಪ್ರೋಟಾನ್‌ಟ್ರಿಕ್ಸ್ ಹಾಕಿಕೊಂಡು ಬೇಕಾದ ಫಾಂಟ್ ಅಥವಾ ವಿಷುವಲ್ ಸಿ++ ಸೇರಿಸಬಹುದು. ಲಿನಕ್ಸ್‌ಗೇ ಅಂತ ಆವೃತ್ತಿ ಇರುವ ಆಟ ಕೆಟ್ಟದಾಗಿ ಓಡಿದರೆ ಅದಕ್ಕೂ ಪ್ರೋಟಾನ್ ಆರಿಸಿ ನೋಡಿ. ಕೆಲವರು ಲಿನಕ್ಸ್ ಆವೃತ್ತಿಯನ್ನು ಅರ್ಧಕ್ಕೇ ಬಿಟ್ಟಿರುತ್ತಾರೆ, ಆಗ ವಿಂಡೋಸ್‌ನದೇ ಚೆನ್ನಾಗಿ ಓಡುತ್ತದೆ.

ಕೊನೆಯ ಉಪಾಯ, ಆ ಆಟದ ಪುಟ್ಟ ವಿಂಡೋಸ್ ಮನೆಯನ್ನೇ ಅಳಿಸಿ ಹೊಸದು ಮಾಡುವುದು. ಇದಕ್ಕೆ ಪ್ರಿಫಿಕ್ಸ್ ಅನ್ನುತ್ತಾರೆ. ಆಟದ ಮೇಲೆ ಬಲ ಕ್ಲಿಕ್, ಮ್ಯಾನೇಜ್, ಬ್ರೌಸ್ ಲೋಕಲ್ ಫೈಲ್ಸ್ ಕೊಟ್ಟರೆ ಆಟದ ಫೋಲ್ಡರ್ ತೆರೆಯುತ್ತದೆ. ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಬಂದರೆ ಕಂಪ್ಯಾಟ್‌ಡೇಟಾ (compatdata) ಎಂಬ ಫೋಲ್ಡರ್ ಇದೆ. ಒಳಗೆ ಬರೀ ಸಂಖ್ಯೆಯ ಹೆಸರುಗಳು. ಸ್ಟೀಮ್ ಅಂಗಡಿಯಲ್ಲಿ ಆಟದ ಪುಟದ ವಿಳಾಸದಲ್ಲಿ ಇರುವ ಸಂಖ್ಯೆಯೇ ಇದು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಅಳಿಯನ ಒಂದು ಆಟ ಕೈಕೊಟ್ಟಾಗ ಹಿಂದೆಮುಂದೆ ನೋಡದೆ ಆ ಸಂಖ್ಯೆಯ ಫೋಲ್ಡರ್ ಅಳಿಸಿದೆ. ಆಟ ಓಡಿತು. ಅವನು ತಿಂಗಳಿಂದ ಆಡಿದ ಸೇವ್ ಮಾತ್ರ ಹೋಯಿತು. ಆ ಆಟಕ್ಕೆ ಕ್ಲೌಡ್ ಸೇವ್ ಇರಲಿಲ್ಲ, ಸೇವ್ ಫೈಲ್ ಇದ್ದಿದ್ದು ಆ ಫೋಲ್ಡರ್‌ನ ಒಳಗೇ. ಅವನು ಏನೂ ಅನ್ನಲಿಲ್ಲ, ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ. ಹಾಗಾಗಿ ನೀವು ಅಳಿಸಬೇಡಿ, ಫೋಲ್ಡರ್‌ನ ಹೆಸರು ಬದಲಿಸಿ. ಹೆಸರಿನ ಕೊನೆಗೆ ಹಳೆಯದು ಅಂತ ಗುರುತು ಸೇರಿಸಿದರೆ ಸಾಕು, ಸ್ಟೀಮ್ ಹೊಸದು ಮಾಡಿಕೊಳ್ಳುತ್ತದೆ. ಆಮೇಲೆ ಹಳೆಯದರ ಒಳಗೆ ಪಿಎಫ್‌ಎಕ್ಸ್ (pfx), ಡ್ರೈವ್ ಸಿ, ಯೂಸರ್ಸ್, ಸ್ಟೀಮ್‌ಯೂಸರ್ ಎಂದು ಹೋದರೆ ಡಾಕ್ಯುಮೆಂಟ್ಸ್ ಅಥವಾ ಆ್ಯಪ್‌ಡೇಟಾದಲ್ಲಿ ಸೇವ್ ಸಿಗುತ್ತದೆ, ಅದನ್ನು ಹೊಸದರಲ್ಲಿ ಅದೇ ಜಾಗಕ್ಕೆ ಹಾಕಿ.

ಯಾವುದಕ್ಕೂ ಜಗ್ಗದಿದ್ದರೆ ದುಡ್ಡು ವಾಪಸ್ ಪಡೆಯಿರಿ. ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು, ಸ್ಟೀಮ್ ವಾಪಸ್ ಕೊಡುತ್ತದೆ. ಅದಕ್ಕೇ ಹೊಸ ಆಟ ಕೊಂಡ ದಿನವೇ ಓಡಿಸಿ ನೋಡಿ, ಮುಂದಿನ ರಜೆಗೆ ಅಂತ ಇಟ್ಟುಕೊಳ್ಳಬೇಡಿ.

ಸ್ಟೀಮ್ ಹೊರಗಿನ ಆಟ

ಎಪಿಕ್, ಗಾಗ್ ಎಂಬ ಬೇರೆ ಆಟದಂಗಡಿಗಳಲ್ಲಿ ಆಟ ಇದ್ದರೆ ಹೀರೋಯಿಕ್ ಗೇಮ್ಸ್ ಲಾಂಚರ್ ಹಾಕಿ. ಲಾಗಿನ್ ಆದರೆ ನಿಮ್ಮ ಆಟಗಳೆಲ್ಲ ಕಾಣುತ್ತವೆ, ಪ್ರೋಟಾನ್ ಅಥವಾ ವೈನ್ ಯಾವುದು ಬೇಕೋ ಅದನ್ನು ಅಲ್ಲೇ ಇಳಿಸಿಕೊಳ್ಳಬಹುದು. ಬೇರೆ ಇನ್‌ಸ್ಟಾಲರ್ ಫೈಲ್‌ಗಳಿಗೆ ಲ್ಯೂಟ್ರಿಸ್ ಅಥವಾ ಬಾಟಲ್ಸ್ ಇದೆ.

ಪೆಟ್ಟಿಗೆಯಲ್ಲಿ ಇಟ್ಟ 2000ದ ದಶಕದ ಸಿಡಿಗಳ ಬಗ್ಗೆ ಒಂದು ಮಾತು. ಆ ಕಾಲದ ಎಷ್ಟೋ ಆಟಗಳಲ್ಲಿ ಸೇಫ್‌ಡಿಸ್ಕ್ ಎಂಬ ನಕಲು ತಡೆ ಇತ್ತು. ಅದು ವಿಂಡೋಸ್ 10ರಲ್ಲೇ ಓಡುವುದಿಲ್ಲ, ವೈನ್‌ನಲ್ಲೂ ನೆಚ್ಚಿಕೊಳ್ಳಬೇಡಿ. ಅದೇ ಆಟ ಗಾಗ್‌ನಲ್ಲಿ ಇದ್ದರೆ ಅಲ್ಲಿ ನಕಲು ತಡೆ ಇರುವುದಿಲ್ಲ, ಸೇಲ್ ಬಂದಾಗ ಕಡಿಮೆ ಬೆಲೆಗೆ ಸಿಗುತ್ತದೆ.

ನಮ್ಮ ಕಡೆಯ ನೆಟ್, ಕರೆಂಟ್, ಮಳೆ

ಘಟ್ಟದ ಮೇಲೆ ತೋಟದ ನಡುವಿನ ಮನೆಗೆ ಎಲ್ಲ ಕಡೆ ಫೈಬರ್ ಇಲ್ಲ. ಮೊಬೈಲ್ ಡೇಟಾದಲ್ಲಿ 60 ಜಿಬಿ ಆಟ ಇಳಿಸಲು ಹೊರಟರೆ ವಾರ ಬೇಕು. ನಾವು ಮಾಡುವುದು ಹೀಗೆ. ಕಾರವಾರದಲ್ಲಿ ಅಳಿಯ ಆಟ ಇಳಿಸಿ, ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ, ಬ್ಯಾಗಿಗೆ ಹಾಕಿಕೊಂಡು ಕುಮಟೆ ಮೇಲೆ ದೇವಿಮನೆ ಘಟ್ಟ ಹತ್ತಿ ಬರುತ್ತಾನೆ. ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರ್‌ನಲ್ಲಿ ಆಟದ ಹೆಸರಿನ ಫೋಲ್ಡರ್ ಇರುತ್ತದೆ. ಅದನ್ನು ಈ ಕಡೆಯ ಕಂಪ್ಯೂಟರಿನ ಕಾಮನ್ ಫೋಲ್ಡರ್‌ಗೆ ಹಾಕಿ ಇನ್‌ಸ್ಟಾಲ್ ಒತ್ತಿದರೆ, ಸ್ಟೀಮ್ ಇದ್ದ ಫೈಲ್‌ಗಳನ್ನು ಪರೀಕ್ಷಿಸಿ, ಕಡಿಮೆ ಬಿದ್ದಷ್ಟನ್ನು ಮಾತ್ರ ಇಳಿಸುತ್ತದೆ. ಅವನ ಕೈಯಲ್ಲಿರುವುದು ವಿಂಡೋಸ್ ಕಂಪ್ಯೂಟರಿನಿಂದ ತಂದ ಫೈಲ್ ಆದರೂ ನಡೆಯುತ್ತದೆ, ಪ್ರೋಟಾನ್ ಓಡಿಸುವುದೂ ಅವೇ ಫೈಲ್‌ಗಳನ್ನು ಅಲ್ವಾ.

ಹೀಗೆ ಸಾಗಿಸುವ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಆಟಗಳಲ್ಲಿ ಅಂಥ ಫೈಲ್ ಇದ್ದೇ ಇರುತ್ತವೆ. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಸಾಗಿಸಲಿಕ್ಕೆ ಮಾತ್ರ, ಅದರಿಂದಲೇ ಆಡಬೇಡಿ. ಇಬ್ಬರೂ ಒಂದೇ ಮನೆಯಲ್ಲಿದ್ದು ಒಂದೇ ರೂಟರ್‌ಗೆ ಸೇರಿದ್ದರೆ ಡಿಸ್ಕ್ ಕೂಡ ಬೇಡ. 2023ರಿಂದ ಸ್ಟೀಮ್‌ನಲ್ಲಿ ಮನೆಯ ನೆಟ್‌ವರ್ಕ್ ಮೇಲೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಆಟ ಕಳಿಸುವ ವ್ಯವಸ್ಥೆ ಇದೆ, ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ ಚಾಲೂ ಮಾಡಬೇಕು. ಹೊರಗಿನ ನೆಟ್ ಖರ್ಚಾಗುವುದಿಲ್ಲ.

ಅದೇ ಪುಟದಲ್ಲಿ ಇನ್ನೆರಡು ನೋಡಿ. ಅಪ್‌ಡೇಟ್‌ಗೆ ಹೊತ್ತು ಗೊತ್ತು ಮಾಡಬಹುದು, ರಾತ್ರಿ 12ರಿಂದ ಬೆಳಿಗ್ಗೆ 6 ಅಂತ ಹಾಕಿದರೆ ಹಗಲಿನ ಡೇಟಾ ಉಳಿಯುತ್ತದೆ. ಕೊನೆಕೊಯ್ಲಿನ ದಿನಗಳಲ್ಲಿ ಮನೆಯವರೆಲ್ಲ ಅಡಿಕೆ ಸುಲಿಯುತ್ತ ರಾತ್ರಿ ಕೂತಿರುತ್ತೇವೆ, ಆಗ ಅದರ ಪಾಡಿಗೆ ಅದು ಇಳಿಯುತ್ತಿರುತ್ತದೆ. ಇನ್ನೊಂದು ಶೇಡರ್ ಪ್ರೀ-ಕ್ಯಾಶಿಂಗ್. ಇದು ಆಗಾಗ ತಾನಾಗಿ ಡೇಟಾ ಎಳೆಯುತ್ತದೆ. ಡೇಟಾ ಕಡಿಮೆ ಇರುವವರು ನಿಲ್ಲಿಸಬಹುದು, ಆದರೆ ಆಟದಲ್ಲಿ ಹೊಸ ಜಾಗಕ್ಕೆ ಹೋದಾಗ ಮೊದಮೊದಲು ಕೊಂಚ ತಡವರಿಸಬಹುದು.

ಕರೆಂಟ್ ಹೋಗಿ ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಚಿಂತೆ ಬೇಡ, ನಿಂತಲ್ಲಿಂದ ಮುಂದುವರಿಯುತ್ತದೆ. ಆಮೇಲೂ ಆಟ ತೆರೆಯದಿದ್ದರೆ ಪ್ರಾಪರ್ಟೀಸ್‌ನಲ್ಲಿ ಫೈಲ್‌ಗಳನ್ನು ವೆರಿಫೈ ಮಾಡಿ. ಮೇ ತಿಂಗಳ ಗುಡುಗಿಗೆ ಮಾತ್ರ ಅಡಾಪ್ಟರ್ ಮತ್ತು ರೂಟರ್ ಎರಡರ ವೈರನ್ನೂ ಕಿತ್ತಿಡಿ, ಆಟ ಎಷ್ಟೇ ರಂಗೇರಿರಲಿ.

ಕರಾವಳಿಯಲ್ಲಿ ಸೆಕೆ ಮತ್ತು ಉಪ್ಪಿನ ಗಾಳಿ ಬೇರೆ. ಅಳಿಯನ ಲ್ಯಾಪ್‌ಟಾಪ್ ಏಪ್ರಿಲ್‌ನಲ್ಲಿ ಕೈ ಇಡಲಾರದಷ್ಟು ಬಿಸಿಯಾಗುತ್ತಿತ್ತು. ಮ್ಯಾಂಗೋಹಡ್ ಎಂಬುದನ್ನು ಹಾಕಿದರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರುತ್ತಿದೆ, ಎಷ್ಟು ಬಿಸಿಯಾಗಿದೆ ಎಂದು ಪರದೆಯ ಮೂಲೆಯಲ್ಲೇ ಕಾಣುತ್ತದೆ, ಫ್ರೇಮ್‌ಗೆ ಮಿತಿಯನ್ನೂ ಹಾಕಬಹುದು. 40ಕ್ಕೆ ಕಟ್ಟಿಹಾಕಿದೆ. ಫ್ಯಾನ್ ಸದ್ದು ಇಳಿಯಿತು, ಬಿಸಿ ಇಳಿಯಿತು, ಕಥೆಯ ಆಟಕ್ಕೆ ಅಷ್ಟು ಧಾರಾಳ ಸಾಕು. ಇನ್ವರ್ಟರ್ ಮೇಲೆ ಆಡುವವರಿಗೂ ಇದರಿಂದ ಉಪಯೋಗ ಇದೆ.

ಇಷ್ಟೆಲ್ಲ ಮಾಡಿಯೂ ಸಿಕ್ಕಿಕೊಂಡರೆ ಯಾರನ್ನಾದರೂ ಕೇಳಿ. ಕೇಳುವಾಗ ಗ್ರಾಫಿಕ್ಸ್ ಕಾರ್ಡಿನ ಹೆಸರು, ಡ್ರೈವರ್ ಸಂಖ್ಯೆ, ಪ್ರೋಟಾನ್ ಆವೃತ್ತಿ, ಆಟ ಯಾವ ಡಿಸ್ಕ್ ಮೇಲಿದೆ, ಈ ನಾಲ್ಕನ್ನೂ ಬರೆಯಿರಿ. ಅಳಿಯ ಮೊದಮೊದಲು "ಮಾವ, ಓಡ್ತಾ ಇಲ್ಲ" ಅಂತ ಇಷ್ಟೇ ಕಳಿಸುತ್ತಿದ್ದ. ಈಗ ನಾಲ್ಕೂ ಬರೆದು ಕಳಿಸುತ್ತಾನೆ, ಹಾಗೆ ಬರೆಯುವಾಗಲೇ ಅರ್ಧ ಸಲ ತೊಂದರೆ ಎಲ್ಲಿದೆ ಅಂತ ಅವನಿಗೇ ಸಿಕ್ಕಿಬಿಡುತ್ತದೆ.